ನವಿಲು ಗೌನು: ಕಸೂತಿ ಹಾಕಿದವರ ಹೆಸರೆಲ್ಲಿ?

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಕೆಡಲ್‌ಸ್ಟನ್ ಹಾಲ್ ಎಂಬ ಭವ್ಯ ಸೌಧವೊಂದಿದೆ. ಬಂಗಾಳವನ್ನು ಒಡೆದ ವೈಸರಾಯ್ ಎಂದು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಉಳಿದುಕೊಂಡಿರುವ ಲಾರ್ಡ್ ಕರ್ಜನ್‌ನ ಪೂರ್ವಿಕರ ಮನೆ ಅದು. ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿನಲ್ಲಿದೆ. ಅಲ್ಲಿನ ಸಂಗ್ರಹದಲ್ಲಿರುವ ಒಂದು ಉಡುಪು, ವಸ್ತ್ರಗಳ ಚರಿತ್ರೆಯನ್ನು ಬಲ್ಲವರ ನಡುವೆ ಜಗತ್ಪ್ರಸಿದ್ಧ. ಕರ್ಜನ್‌ನ ಪತ್ನಿ, ಅಮೆರಿಕದ ಷಿಕಾಗೊ ನಗರದ ಸಿರಿವಂತ ವರ್ತಕನ ಮಗಳು ಮೇರಿ, 1903ರ ಜನವರಿಯಲ್ಲಿ ದೆಹಲಿ ದರ್ಬಾರಿನ ಅಂಗವಾಗಿ ಕೆಂಪುಕೋಟೆಯಲ್ಲಿ ನಡೆದ ನೃತ್ಯಕೂಟಕ್ಕೆ ಧರಿಸಿದ್ದ ಸಂಜೆಯ ಗೌನು ಅದು. ಚಿನ್ನ, ಬೆಳ್ಳಿಯ ಎಳೆಗಳಿಂದ ಒಂದರ ಮೇಲೊಂದು ಹೊದಿಸಿದಂತೆ ಬಿಡಿಸಿದ ನವಿಲುಗರಿಗಳು. ಪ್ರತಿ ಗರಿಯ ಕಣ್ಣಿನಲ್ಲೂ ಹಸಿರು-ನೀಲಿಯಾಗಿ ಹೊಳೆಯುವ ಜೀರಂಗಿ ಹುಳುವಿನ ರೆಕ್ಕೆ. ನಮ್ಮ ಹಳ್ಳಿಯ ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದರಲ್ಲ, ಆ ಬಗೆಯ ಹುಳು. ಗೌನಿನ ತೂಕ ಸುಮಾರು ನಾಲ್ಕೂವರೆ ಕಿಲೋ.

ಈ ಗೌನು ಪ್ಯಾರಿಸ್ಸಿನ ‘ವರ್ತ್’ ಎಂಬ ಮನೆತನದ ಸೃಷ್ಟಿ ಎಂದು ಎಲ್ಲ ಗ್ರಂಥಗಳೂ ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಅದರ ತೂಕಕ್ಕೂ ಬೆಲೆಗೂ ಬೆರಗಿಗೂ ಕಾರಣವಾದ ಕಸೂತಿ ನಡೆದದ್ದು ದೆಹಲಿ ಮತ್ತು ಆಗ್ರಾದ ಜರದೋಜಿ ಕುಶಲಕರ್ಮಿಗಳ ಕೈಯಲ್ಲಿ. ತೆಳುವಾದ ಷಿಫಾನ್ ಬಟ್ಟೆಯ ಪಟ್ಟಿಗಳ ಮೇಲೆ ಅವರು ಗರಿಗಳನ್ನು ಮೂಡಿಸಿದರು. ಆ ಪಟ್ಟಿಗಳು ಹಡಗಿನಲ್ಲಿ ಪ್ಯಾರಿಸ್‌ಗೆ ಹೋದವು. ಗೌನಾಗಿ ಮರಳಿ ಬಂದವು. ಹೊಲಿಸಿಕೊಂಡವಳ ಹೆಸರು ನಮಗೆ ಗೊತ್ತು, ಹೊಲಿದ ಮನೆತನದ ಹೆಸರು ಗೊತ್ತು. ಕಸೂತಿ ಹಾಕಿದವರನ್ನು ‘ದೆಹಲಿಯ ಕುಶಲಕರ್ಮಿಗಳು’ ಎಂಬ ಎರಡು ಪದಗಳಲ್ಲಿ ಮುಗಿಸಲಾಗುತ್ತದೆ. ಒಂದು ಶತಮಾನಕ್ಕೂ ಮೀರಿದ ಈ ಸಂಗತಿಯನ್ನು ಈಗ ಕೆದಕುವುದಕ್ಕೆ ಕಾರಣವಿದೆ. ಅಂದಿನ ಆ ಏರ್ಪಾಡು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡು ಬರುತ್ತಿದೆ.

ಹೆಸರು ಎಂಬುದು ಹೇಗೆ ಸರಕಾಗುತ್ತದೆ ಎಂಬುದನ್ನು ತಿಳಿಯಲು ವರ್ತ್ ಮನೆತನದ ಕತೆಗಿಂತ ಉತ್ತಮ ಪಾಠವಿಲ್ಲ. ‘ಓತ್ ಕುಟ್ಯೂರ್’ ಎಂದು ಫ್ರೆಂಚರು ಕರೆಯುವ, ಒಬ್ಬೊಬ್ಬ ಗಿರಾಕಿಯ ಮೈಯಳತೆಗೆ ಕೈಯಿಂದ ಸಿದ್ಧಪಡಿಸುವ ಅತ್ಯುನ್ನತ ಉಡುಪಿನ ಉದ್ಯಮವನ್ನು ಕಟ್ಟಿದವನು ಫ್ರೆಂಚನಲ್ಲ. ಚಾರ್ಲ್ಸ್ ಫ್ರೆಡರಿಕ್ ವರ್ತ್ 1825ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬೋರ್ನ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ. ತಂದೆ ವಕೀಲಿಕೆಯಲ್ಲಿದ್ದರೂ ದಿವಾಳಿಯಾದುದರಿಂದ ಹುಡುಗ ಹನ್ನೊಂದರ ಹೊತ್ತಿಗೇ ದುಡಿಮೆಗೆ ಬಿದ್ದ. ಲಂಡನ್ನಿನ ಬಟ್ಟೆ ಅಂಗಡಿಗಳಲ್ಲಿ ಗುಮಾಸ್ತನಾಗಿದ್ದುಕೊಂಡು, ಬಿಡುವಿನಲ್ಲಿ ನ್ಯಾಷನಲ್ ಗ್ಯಾಲರಿಗೆ ಹೋಗಿ ಹಳೆಯ ಭಾವಚಿತ್ರಗಳಲ್ಲಿರುವ ರಾಣಿಯರ ಉಡುಗೆಗಳನ್ನು ನೋಡುತ್ತಿದ್ದ. ಇಪ್ಪತ್ತರ ಆಸುಪಾಸಿನಲ್ಲಿ, ಭಾಷೆಯೂ ಸರಿಯಾಗಿ ಬಾರದೆ, ಪ್ಯಾರಿಸ್ ಸೇರಿದ. ಅಲ್ಲಿ ಗಾಜೆಲಿನ್ ಎಂಬ ಹೆಸರಾಂತ ಬಟ್ಟೆ ಮಳಿಗೆಯಲ್ಲಿ ಕೆಲಸ ಸಿಕ್ಕಿತು. ಅದೇ ಮಳಿಗೆಯಲ್ಲಿ ಶಾಲುಗಳನ್ನು ಹೊದ್ದು ಗಿರಾಕಿಗಳಿಗೆ ತೋರಿಸುತ್ತಿದ್ದ ಮರೀ ವೆರ್ನೆ ಅವನ ಹೆಂಡತಿಯಾದಳು. ಹೆಂಡತಿಗೆಂದು ಅವನು ಹೊಲಿದುಕೊಟ್ಟ ಸರಳ ಉಡುಪುಗಳನ್ನು ಕಂಡ ಗಿರಾಕಿಗಳು ಶಾಲನ್ನು ಬಿಟ್ಟು ಉಡುಪನ್ನೇ ಕೇಳತೊಡಗಿದರು. ಮುಂದೆ ನಾಲ್ಕು ತಲೆಮಾರು ನಡೆದ ಸಂಸ್ಥೆಯ ಬೀಜ ಇದು.

1857-58ರ ಹೊತ್ತಿಗೆ ಆತ ಆಟೋ ಬೋಬರ್ಗ್ ಎಂಬ ಸ್ವೀಡನ್ನಿನ ಪಾಲುದಾರನೊಂದಿಗೆ ರ್ಯೂ ದ ಲಾ ಪೇ ಬೀದಿಯ 7ನೇ ಸಂಖ್ಯೆಯ ಕಟ್ಟಡದಲ್ಲಿ ಸ್ವಂತ ಮಳಿಗೆ ತೆರೆದ. ಮರೀ ವರ್ತ್ ಒಂದು ದಿನ ಚಿತ್ರಗಳ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಆಸ್ಟ್ರಿಯಾದ ರಾಯಭಾರಿಯ ಪತ್ನಿ ಪೌಲಿನ್ ಮೆಟರ್‌ನಿಖ್‌ಳ ಮನೆ ಬಾಗಿಲಿಗೆ ಹೋದಳು. ಆಕೆ ತಲಾ 300 ಫ್ರಾಂಕಿನಂತೆ ಎರಡು ಉಡುಪು ಹೊಲಿಸಿದಳು. ಅದರಲ್ಲೊಂದು ಸಂಜೆಯ ಗೌನು. ಅರಮನೆಯ ನೃತ್ಯಕೂಟದಲ್ಲಿ ಸಾಮ್ರಾಜ್ಞಿ ಯೂಜೆನಿಯ ಕಣ್ಣು ಅದರ ಮೇಲೆ ಬಿತ್ತು. ಮರುದಿನವೇ ವರ್ತ್‌ಗೆ ಅರಮನೆಯಿಂದ ಕರೆ ಬಂತು. ಅಲ್ಲಿಂದಾಚೆಗೆ 300 ಫ್ರಾಂಕಿಗೆ ವರ್ತ್‌ನ ಗೌನು ಯಾರಿಗೂ ಸಿಗಲಿಲ್ಲ ಎಂದು ಪೌಲಿನ್ ತನ್ನ ನೆನಪುಗಳಲ್ಲಿ ತಮಾಷೆಯಾಗಿ ಹೇಳಿಕೊಂಡಿದ್ದಾಳೆ. ಆ ಕಾಲದ ಪ್ಯಾರಿಸ್ಸಿನಲ್ಲಿ ಹೊಲಿಗೆಯ ಹೆಣ್ಣಾಳಿನ ದಿನಗೂಲಿ ಸುಮಾರು ಎರಡು ಫ್ರಾಂಕ್. ಎಂದರೆ ಆ ‘ಅಗ್ಗದ’ ಉಡುಪಿನ ಬೆಲೆ ಒಬ್ಬ ಕೂಲಿಕಾರ್ತಿಯ ನೂರೈವತ್ತು ದಿನಗಳ ಸಂಪಾದನೆ.

ಒಬ್ಬ ಸಾಮ್ರಾಜ್ಞಿಯ ಒಲವು ಅದೃಷ್ಟವಿರಬಹುದು. ಅದನ್ನು ಉದ್ಯಮವಾಗಿ ಪರಿವರ್ತಿಸಿದ್ದು ಲೆಕ್ಕಾಚಾರ. ವರ್ತ್‌ಗಿಂತ ಮುಂಚೆ ಗಿರಾಕಿಯೇ ಅಂಗಡಿಯಲ್ಲಿ ಬಟ್ಟೆ ಕೊಂಡು, ದರ್ಜಿಗೆ ಕೊಟ್ಟು, ತನಗೆ ಬೇಕಾದಂತೆ ಹೊಲಿಸಿಕೊಳ್ಳುವುದು ರೂಢಿ. ನಮ್ಮಲ್ಲಿ ಮದುವೆಯ ರವಿಕೆ ಹೊಲಿಸುವವರು ಈಗಲೂ ಹಾಗೆಯೇ ಮಾಡುತ್ತೇವೆ. ಅಲ್ಲಿ ದರ್ಜಿ ಕೇವಲ ಕೂಲಿ ಪಡೆಯುತ್ತಾನೆ. ವರ್ತ್ ಬಟ್ಟೆ, ವಿನ್ಯಾಸ, ಹೊಲಿಗೆ ಮೂರನ್ನೂ ಒಂದೇ ಸೂರಿನಡಿ ತಂದ. ಮುಂದಿನ ಋತುವಿನ ಮಾದರಿಗಳನ್ನು ತಾನೇ ಮೊದಲು ಸಿದ್ಧಪಡಿಸಿ, ಯುವತಿಯರಿಗೆ ತೊಡಿಸಿ, ಗಿರಾಕಿಗಳ ಮುಂದೆ ಓಡಾಡಿಸಿದ. ಗಿರಾಕಿಯ ಪಾಲಿಗೆ ಉಳಿದದ್ದು ಆಯ್ಕೆ ಮಾತ್ರ. ಚಿತ್ರಕಾರ ಚಿತ್ರಕ್ಕೆ ಸಹಿ ಹಾಕುವಂತೆ, ಗೌನಿನ ಒಳಗಿನ ಸೊಂಟಪಟ್ಟಿಯಲ್ಲಿ ತನ್ನ ಹೆಸರನ್ನು ನೇಯಿಸಿ ಹೊಲಿಸಿದವರಲ್ಲಿ ಆತ ಮೊದಲಿಗ. ಆ ಪಟ್ಟಿ ಮೈಗೆ ತಾಗಿಕೊಂಡಿರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಆದರೂ ಗೌನಿನ ಬೆಲೆಯ ದೊಡ್ಡ ಪಾಲು ಅದರದ್ದೇ ಆಗಿತ್ತು.

ಸಂಜೆಯ ಗೌನು ಈ ಮನೆತನದ ಕೀರ್ತಿಯ ಶಿಖರ. ಹಗಲಿನ ಉಡುಪಿಗೂ ಸಂಜೆಯ ಉಡುಪಿಗೂ ಆ ಸಮಾಜ ಗಡಿ ಕೊರೆದಿಟ್ಟಿತ್ತು. ಹಗಲಿನಲ್ಲಿ ಕುತ್ತಿಗೆ, ತೋಳು ಮುಚ್ಚಿರಬೇಕು. ನೃತ್ಯಕೂಟದಲ್ಲಿ ಭುಜ ತೆರೆದಿರಬೇಕು, ಗೌನಿನ ಹಿಂಬದಿ ಸೆರಗಿನಂತೆ ನೆಲದ ಮೇಲೆ ಹರಿಯಬೇಕು. ಒಂದೇ ಲಂಗಕ್ಕೆ ಎರಡು ಮೇಲುಡುಪುಗಳನ್ನು, ಒಂದು ಹಗಲಿಗೆ, ಇನ್ನೊಂದು ಸಂಜೆಗೆ, ಮಾಡಿಕೊಡುವ ಕ್ರಮವೂ ಇತ್ತು. ಹಗಲು ಬೆಳಕಿನಲ್ಲಿ ಚೆಂದ ಕಂಡ ಬಣ್ಣ ದೀಪದ ಬೆಳಕಿನಲ್ಲಿ ಸಪ್ಪೆಯಾಗಿ ಕಾಣುವುದು ನಮ್ಮ ಸೀರೆ ಅಂಗಡಿಗಳಲ್ಲಿ ಎಲ್ಲರಿಗೂ ಆಗುವ ಅನುಭವ. ವರ್ತ್ ತನ್ನ ಮಳಿಗೆಯಲ್ಲಿ ಇದಕ್ಕೆಂದೇ ಒಂದು ಕೋಣೆ ಮಾಡಿಸಿದ್ದ. ಅದಕ್ಕೆ ಸೂರ್ಯನ ಬೆಳಕು ಬಾರದು. ಗೋಡೆಗೆಲ್ಲ ಕನ್ನಡಿ, ಅನಿಲದೀಪಗಳು. ನೃತ್ಯಕೂಟದ ರಾತ್ರಿ ತನ್ನ ಗೌನು ಹೇಗೆ ಕಾಣುತ್ತದೆಂಬುದನ್ನು ಗಿರಾಕಿ ಅಲ್ಲೇ ನಿಂತು ನೋಡಬಹುದಿತ್ತು.

ಇನ್ನು ಗೌನಿನ ಕಟ್ಟಡ. ಕಟ್ಟಡ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಮೇಲುಡುಪಿನ ಪ್ರತಿ ಹೊಲಿಗೆಯ ಒಳಗೂ ತಿಮಿಂಗಿಲದ ಬಾಯಿಂದ ತೆಗೆದ ಬಾಗುವ ಪಟ್ಟಿಗಳನ್ನು ಕೂರಿಸಿ, ಒಳಗೊಂದು ಬಿಗಿಯಾದ ಸೊಂಟಪಟ್ಟಿ ಕೊಟ್ಟು, ಲಂಗದ ಭಾರವೆಲ್ಲ ಭುಜದ ಬದಲು ಸೊಂಟದ ಮೇಲೆ ನಿಲ್ಲುವಂತೆ ಮಾಡುತ್ತಿದ್ದರು. ಅಗಲವಾದ ಪಂಜರದಂಥ ಲಂಗ ಬಳಕೆಯಲ್ಲಿದ್ದ ಕಾಲದಲ್ಲಿ ವರ್ತ್ ಅದರ ಮುಂಭಾಗವನ್ನು ಚಪ್ಪಟೆಯಾಗಿಸಿ, ಉಬ್ಬನ್ನೆಲ್ಲ ಹಿಂದಕ್ಕೆ ತಳ್ಳಿದ. ಲಿಯಾನ್ ನಗರದ ನೇಕಾರರು ಅವನಿಗಾಗಿ ಗೌನಿನ ಆಕಾರವನ್ನು ಲೆಕ್ಕ ಹಾಕಿಯೇ ರೇಷ್ಮೆ ನೇಯ್ದುಕೊಡುತ್ತಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 1898-1900ರ ಅವಧಿಯ ಒಂದು ನೃತ್ಯದ ಗೌನಿದೆ. ದಂತವರ್ಣದ ಸ್ಯಾಟಿನ್ ಮೇಲೆ, ಕಬ್ಬಿಣದ ಜಾಲರಿಯ ಬಳ್ಳಿಯಂತೆ ಸುತ್ತಿ ಹಬ್ಬುವ ಕಪ್ಪು ಮಖಮಲ್ಲಿನ ವಿನ್ಯಾಸ. ಬಟ್ಟೆಯ ತುಂಡುಗಳು ಸೇರುವ ಜಾಗದಲ್ಲೂ ಬಳ್ಳಿ ಎಲ್ಲೂ ತುಂಡಾಗುವುದಿಲ್ಲ. ಲಂಗದ ಒಂದೊಂದು ತುಂಡೂ ಎಲ್ಲಿ ಸೇರುತ್ತದೆಂದು ನೇಕಾರನಿಗೆ ಮೊದಲೇ ತಿಳಿದಿದ್ದರಿಂದ ಇದು ಸಾಧ್ಯವಾಯಿತು. ವಿನ್ಯಾಸಕನೂ ನೇಕಾರನೂ ಒಬ್ಬರ ಮಾತು ಒಬ್ಬರು ಕೇಳಿದರೆ ಏನಾಗುತ್ತದೆಂಬುದಕ್ಕೆ ಇಂಥ ನಿದರ್ಶನ ವಿರಳ.

ಇಷ್ಟೆಲ್ಲ ಕಲೆಯ ಹಿಂದೆ ಕಾರ್ಖಾನೆಯ ಶಿಸ್ತೂ ಇತ್ತೆಂಬುದನ್ನು ಮರೆಯಬಾರದು. ತೋಳಿಗೊಂದು, ಲಂಗಕ್ಕೊಂದು, ಮೇಲುಡುಪಿಗೊಂದು ಎಂದು ಕಾರ್ಯಾಗಾರಗಳು ಬೇರೆ ಬೇರೆ. ತೋಳಿನ ಮಾದರಿಗಳನ್ನೂ ಲಂಗದ ಮಾದರಿಗಳನ್ನೂ ಬೇಕಾದಂತೆ ಜೋಡಿಸಿ ‘ಹೊಸ’ ಗೌನು ಹುಟ್ಟಿಸಬಹುದಿತ್ತು. ಉದ್ದನೆಯ ಹೊಲಿಗೆಗೆ ಯಂತ್ರ, ಕಣ್ಣಿಗೆ ಬೀಳುವ ಕಡೆಗೆ ಕೈಸೂಜಿ. ಉಚ್ಛ್ರಾಯದ ಕಾಲದಲ್ಲಿ ಈ ಸಂಸ್ಥೆಯಲ್ಲಿ 1,200 ಮಂದಿ ದುಡಿಯುತ್ತಿದ್ದರೆಂದು ಚರಿತ್ರಕಾರರು ಬರೆಯುತ್ತಾರೆ. ಪ್ರಭುತ್ವಕ್ಕೂ ಇದರಲ್ಲಿ ಆಸಕ್ತಿಯಿತ್ತು. ಪರದೆಯ ಬಟ್ಟೆಯಂತಿದೆ ಎಂದು ಯೂಜೆನಿ ಮೂಗು ಮುರಿದಿದ್ದ ದಪ್ಪ ಲಿಯಾನ್ ರೇಷ್ಮೆಯನ್ನು, ಅಲ್ಲಿನ ನೇಕಾರರಿಗೆ ಕೆಲಸ ಸಿಗಲೆಂದು, ಮೂರನೆಯ ನೆಪೋಲಿಯನ್ ಅವಳಿಗೆ ತೊಡಿಸಿದ. ಅಂಥವನ್ನು ಆಕೆ ತನ್ನ ‘ರಾಜಕೀಯ ಉಡುಪುಗಳು’ ಎನ್ನುತ್ತಿದ್ದಳಂತೆ. ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ಥಾರ್ಸ್ಟೀನ್ ವೆಬ್ಲೆನ್ ನೆನಪಾಗದಿರಲಾರ. 1899ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಸಿರಿವಂತರ ಉಡುಗೆಯನ್ನು ಅವರ ಹಣಬಲದ ಜಾಹೀರಾತೆಂದು ವಿಶ್ಲೇಷಿಸಿದ. ಬೆಲೆ ಏರಿದಷ್ಟೂ ಬೇಡಿಕೆ ಏರುವ ಸರಕುಗಳಿಗೆ ಇಂದಿಗೂ ಅವನ ಹೆಸರೇ ಇದೆ. ಅವನು ಆ ಪುಸ್ತಕ ಬರೆಯುತ್ತಿದ್ದ ಕಾಲಕ್ಕೆ ಅಮೆರಿಕದ ಹೊಸ ಸಿರಿವಂತರ ಮನೆಯ ಹೆಂಗಸರು ಅಟ್ಲಾಂಟಿಕ್ ದಾಟಿ ವರ್ತ್‌ನ ಮಳಿಗೆಯಲ್ಲಿ ಸರದಿ ಕಾಯುತ್ತಿದ್ದರು. ಕರ್ಜನ್‌ನ ಪತ್ನಿ ಮೇರಿಯೂ ಅದೇ ವರ್ಗದಿಂದ ಬಂದವಳು.

ಸ್ಥಾಪಕ ವರ್ತ್ 1895ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಇಬ್ಬರು ಗಂಡುಮಕ್ಕಳು ಸಂಸ್ಥೆಯಲ್ಲಿ ಪಳಗಿದ್ದರು. ಹಿರಿಯ ಗಾಸ್ತೊ ಲೆಕ್ಕಪತ್ರ, ಆಡಳಿತ ನೋಡಿಕೊಂಡರೆ, ಕಿರಿಯ ಝಾ-ಫಿಲಿಪ್ ವಿನ್ಯಾಸವನ್ನು ವಹಿಸಿಕೊಂಡ. ನವಿಲು ಗೌನು ಸಿದ್ಧವಾದದ್ದು ಝಾ-ಫಿಲಿಪ್‌ನ ಕಾಲದಲ್ಲಿ. ಅಣ್ಣ ಗಲ್ಲಾಪೆಟ್ಟಿಗೆ, ತಮ್ಮ ಕತ್ತರಿ ಎಂಬ ಈ ವ್ಯವಸ್ಥೆ ನಮ್ಮ ಹಳೆಯ ಜವಳಿ ಮನೆತನಗಳಿಗೂ ಅಪರಿಚಿತವಲ್ಲ. ಕುಟುಂಬದ ಉದ್ಯಮಕ್ಕೆ ಅದರದೇ ಬಲವಿದೆ: ಮೂರು ತಿಂಗಳ ಲಾಭಕ್ಕಾಗಿ ಮೂವತ್ತು ವರ್ಷದ ಹೆಸರನ್ನು ಅದು ಅಡವಿಡುವುದಿಲ್ಲ, ಗಿರಾಕಿಯ ತಾಯಿಯ ಅಳತೆಯೂ ಅದರ ಬಳಿ ಇರುತ್ತದೆ. ದೌರ್ಬಲ್ಯವೂ ಅಲ್ಲಿಯೇ ಇದೆ. ಅಪ್ಪನ ಅಭಿರುಚಿಯೇ ಮನೆಯ ಕಾನೂನಾಗಿಬಿಡುತ್ತದೆ.

1901ರ ಸುಮಾರಿಗೆ ಗಾಸ್ತೊ, ಪಾಲ್ ಪೊಯಿರೆ ಎಂಬ ಯುವಕನನ್ನು ಕೆಲಸಕ್ಕೆ ತೆಗೆದುಕೊಂಡ. ರಾಜಕುಮಾರಿಯರೂ ಈಗ ಬಸ್ಸು ಹತ್ತುತ್ತಾರೆ, ಬೀದಿಯಲ್ಲಿ ನಡೆಯುತ್ತಾರೆ, ಅವರಿಗೂ ಸರಳ ಉಡುಪು ಬೇಕು ಎಂಬುದು ಗಾಸ್ತೊನ ಎಣಿಕೆ. ನಾವು ದುಬಾರಿ ಭಕ್ಷ್ಯ ಬಡಿಸುವ ಹೋಟೆಲಿನವರು, ನೀನು ಇಲ್ಲಿ ಹುರಿದ ಆಲೂಗಡ್ಡೆಯ ವಿಭಾಗ ತೆರೆಯಬೇಕು ಎಂಬರ್ಥದ ಮಾತನ್ನು ಗಾಸ್ತೊ ಹೇಳಿದನೆಂದು ಪೊಯಿರೆಯೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಝಾ-ಫಿಲಿಪ್‌ಗೆ ಆ ಆಲೂಗಡ್ಡೆ ರುಚಿಸಲಿಲ್ಲ. ರಷ್ಯಾದ ರಾಜಕುಮಾರಿಯೊಬ್ಬಳು ಪೊಯಿರೆಯ ನೇರ ಗೆರೆಯ ಮೇಲಂಗಿಯನ್ನು ಕಂಡು ಸಿಡಿಮಿಡಿಗೊಂಡಳು. 1903ರಲ್ಲಿ, ಎಂದರೆ ನವಿಲು ಗೌನು ಕೆಂಪುಕೋಟೆಯಲ್ಲಿ ಮಿನುಗಿದ ವರ್ಷವೇ, ಪೊಯಿರೆ ಹೊರಬಂದು ಸ್ವಂತ ಮಳಿಗೆ ತೆರೆದ. ಮುಂದಿನ ಹತ್ತು ವರ್ಷಗಳಲ್ಲಿ ಹೆಣ್ಣಿನ ಸೊಂಟವನ್ನು ಬಿಗಿಪಟ್ಟಿಯಿಂದ ಬಿಡಿಸಿದ ಕೀರ್ತಿ ಅವನ ಪಾಲಾಯಿತು. ಅಣ್ಣನ ವ್ಯವಹಾರಜ್ಞಾನ ಭವಿಷ್ಯವನ್ನು ಕಂಡಿತ್ತು. ತಮ್ಮನ ಪಿತೃಭಕ್ತಿ ಅದಕ್ಕೆ ಬಾಗಿಲು ತೆರೆಯಲಿಲ್ಲ.

ಮೂರನೆಯ ತಲೆಮಾರಿನಲ್ಲಿ ಗಾಸ್ತೊನ ಮಕ್ಕಳು ಝಾ-ಶಾರ್ಲ್ ಮತ್ತು ಝಾಕ್ ಅದೇ ರೀತಿ ವಿನ್ಯಾಸ, ವ್ಯಾಪಾರಗಳನ್ನು ಹಂಚಿಕೊಂಡರು. ಮಣಿ ಪೋಣಿಸಿದ ನೇರ ಗೆರೆಯ ಗೌನುಗಳು ಬಂದವು. ಜೊತೆಗೆ ಸುಗಂಧದ್ರವ್ಯ. 1920ರ ದಶಕದಲ್ಲಿ ಆರಂಭವಾದ ಈ ವ್ಯಾಪಾರದಲ್ಲಿ ‘ಝ ರೆವಿಯೆ’ ಎಂಬ ಪರಿಮಳ 1932ರಲ್ಲಿ ಮಾರುಕಟ್ಟೆಗೆ ಬಂತು. ಸೀಸೆಗಳನ್ನು ರೂಪಿಸಿದವನು ಹೆಸರಾಂತ ಗಾಜಿನ ಕಲಾವಿದ ರೆನೆ ಲಾಲಿಕ್. 1950ರ ದಶಕದಲ್ಲಿ ಗೌನಿನ ಕಾರ್ಯಾಗಾರ ಪಾಕ್ಯಾ ಎಂಬ ಇನ್ನೊಂದು ಸಂಸ್ಥೆಯ ಕೈಸೇರಿ, ಕೊನೆಗೆ ಮುಚ್ಚಿಹೋಯಿತು. ಸುಗಂಧ ಮಾತ್ರ ಉಳಿಯಿತು. ಸೂಜಿ, ಕತ್ತರಿ, ಕುಶಲಿಗರು ಎಲ್ಲರೂ ಹೋದ ಮೇಲೂ ಹೆಸರೊಂದೇ ದಶಕಗಳ ಕಾಲ ಸೀಸೆಯಲ್ಲಿ ಮಾರಾಟವಾಯಿತು. 2025ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪ್ಯಾರಿಸ್ಸಿನ ಪೆಟಿ ಪಾಲೆಯಲ್ಲಿ ಈ ಮನೆತನದ ಕುರಿತು ದೊಡ್ಡ ಪ್ರದರ್ಶನ ನಡೆಯಿತು. ಉಡುಪು, ಚಿತ್ರ, ವಸ್ತುಗಳೆಲ್ಲ ಸೇರಿ 400ಕ್ಕೂ ಹೆಚ್ಚು ಕೃತಿಗಳು ಅಲ್ಲಿದ್ದವು.

ಈ ವೈಭವದ ಇನ್ನೊಂದು ಮಗ್ಗುಲಿಗೆ ಬರೋಣ. ಪ್ಯಾರಿಸ್ಸಿನ ಹೊಲಿಗೆಯ ಹೆಣ್ಣಾಳುಗಳು ಸುಮ್ಮನಿರಲಿಲ್ಲ. ಒಂದನೆಯ ಮಹಾಯುದ್ಧದ ನಡುವೆ, 1917ರ ಮೇ ತಿಂಗಳಲ್ಲಿ, ಝೆನಿ ಎಂಬ ಉಡುಪು ಸಂಸ್ಥೆಯ ಕೆಲಸಗಾರ್ತಿಯರು ಬೀದಿಗಿಳಿದರು. ಮುಷ್ಕರ ನಗರದ ಇತರ ಹೊಲಿಗೆ ಮನೆಗಳಿಗೂ ಹಬ್ಬಿ, ಶನಿವಾರ ಮಧ್ಯಾಹ್ನ ಕೂಲಿಸಹಿತ ರಜೆ ಬೇಕೆಂಬ ಬೇಡಿಕೆಯನ್ನು ಅವರು ಗೆದ್ದುಕೊಂಡರು. ಮಾಲೀಕರಿಗೆ 1868ರಿಂದಲೇ ಸಂಘವಿತ್ತು. 1945ರಲ್ಲಿ ‘ಓತ್ ಕುಟ್ಯೂರ್’ ಎಂಬ ಹೆಸರಿಗೇ ಫ್ರೆಂಚ್ ಸರಕಾರ ಕಾನೂನಿನ ರಕ್ಷಣೆ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ಕಾರ್ಯಾಗಾರವಿರಬೇಕು, ಇಂತಿಷ್ಟು ಕಾಯಂ ಕುಶಲಿಗರಿರಬೇಕು, ವರ್ಷಕ್ಕೆ ಎರಡು ಬಾರಿ ಹೊಸ ಸಂಗ್ರಹ ಪ್ರದರ್ಶಿಸಬೇಕು ಎಂಬ ಷರತ್ತುಗಳನ್ನು ಪಾಲಿಸದವರು ಆ ಪದ ಬಳಸುವಂತಿಲ್ಲ. ಮಾಲೀಕ, ಕೂಲಿಕಾರ್ತಿ, ಸರಕಾರ ಮೂವರೂ ತಮ್ಮ ತಮ್ಮ ಹಕ್ಕನ್ನು ಅಕ್ಷರರೂಪಕ್ಕೆ ಇಳಿಸಿಕೊಂಡರು. ಆ ಅಕ್ಷರದ ಆವರಣದ ಹೊರಗೆ ಉಳಿದವರು ಸಮುದ್ರದಾಚೆಯ ಕಸೂತಿಗಾರರು.

ನವಿಲು ಗೌನಿನ ಸಂದರ್ಭವನ್ನು ನೆನೆಯಿರಿ. 1899-1900ರ ಭೀಕರ ಕ್ಷಾಮದ ಗಾಯ ಇನ್ನೂ ಮಾಯ್ದಿರಲಿಲ್ಲ. ದರ್ಬಾರಿನ ದುಂದುವೆಚ್ಚವನ್ನು 1903ರ ಮದರಾಸು ಕಾಂಗ್ರೆಸ್ಸಿನ ಅಧ್ಯಕ್ಷ ಲಾಲಮೋಹನ ಘೋಷರು ಕಟುವಾಗಿ ಟೀಕಿಸಿದರು. ಆದರೆ ಅದೇ ಕರ್ಜನ್ ದರ್ಬಾರಿನ ಜೊತೆಗೆ ಭಾರತೀಯ ಕಲೆಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಯುರೋಪಿನ ಅನುಕರಣೆಯ ಸರಕಿಗೆ ಅಲ್ಲಿ ಪ್ರವೇಶವಿಲ್ಲವೆಂದು ವಿಧಿಸಿದ್ದನೆಂಬುದನ್ನೂ ಹೇಳಬೇಕು. ಮೇರಿ ಕರ್ಜನ್ ಕೂಡ ಭಾರತೀಯ ಕಸೂತಿಯ ನಿಜವಾದ ಅಭಿಮಾನಿ. 1902ರಲ್ಲಿ ರಾಣಿ ಅಲೆಕ್ಸಾಂಡ್ರಾಳ ಪಟ್ಟಾಭಿಷೇಕದ ಗೌನಿಗೆ ಭಾರತದಲ್ಲಿ ಕಸೂತಿ ಹಾಕಿಸಿ ಕಳುಹಿಸಿದವಳು ಅವಳೇ. ಅದನ್ನೂ ಹೊಲಿದದ್ದು ಪ್ಯಾರಿಸ್ಸಿನ ಒಂದು ಸಂಸ್ಥೆ. ಒಂದು ಕಾಲದಲ್ಲಿ ನವಿಲಿನ ಸಿಂಹಾಸನವಿದ್ದ ಕೋಟೆಯಲ್ಲಿ ವೈಸರಾಯನ ಪತ್ನಿ ನವಿಲನ್ನೇ ಹೊದ್ದು ನಡೆದದ್ದರ ರಾಜಕೀಯಾರ್ಥ ಎಲ್ಲರಿಗೂ ತಿಳಿಯುವಂಥದು. ಆಕೆ 1906ರಲ್ಲಿ ಅಕಾಲ ಮರಣಕ್ಕೆ ತುತ್ತಾದಳು. 1909ರಲ್ಲಿ ವಿಲಿಯಂ ಲಾಗ್ಸ್‌ಡೇಲ್ ಅದೇ ಗೌನಿನಲ್ಲಿ ಅವಳ ಚಿತ್ರ ಬರೆದ. ಚಿತ್ರಕ್ಕೆ ಚಿತ್ರಕಾರನ ಸಹಿಯಿದೆ. ಅಭಿಮಾನವೊಂದರಿಂದಲೇ ಮನ್ನಣೆ ಹುಟ್ಟುವುದಿಲ್ಲ ಎಂಬುದಕ್ಕೆ ಈ ಗೌನು ಸಾಕ್ಷಿ.

ಜರದೋಜಿಯ ಕೆಲಸ ನೋಡಿದವರಿಗೆ ಅದರ ಶ್ರಮ ಗೊತ್ತು. ಮಂಚದಂಥ ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಸುತ್ತ ನಾಲ್ಕಾರು ಮಂದಿ ನೆಲದ ಮೇಲೆ ಬೆನ್ನು ಬಾಗಿಸಿ ಕೂರುತ್ತಾರೆ. ಒಂದು ಕೈ ಬಟ್ಟೆಯ ಮೇಲೆ, ಇನ್ನೊಂದು ಅಡಿಯಲ್ಲಿ. ಲೋಹದ ಎಳೆಯನ್ನು ಬಟ್ಟೆಯೊಳಗೆ ಎಳೆದರೆ ಅದು ಹರಿಯುತ್ತದೆ. ಆದ್ದರಿಂದ ಎಳೆಯನ್ನು ಮೇಲೆ ಮಲಗಿಸಿ, ಕಾಣದಂಥ ದಾರದಿಂದ ಅಲ್ಲಲ್ಲಿ ಕಟ್ಟುತ್ತಾ ಹೋಗಬೇಕು. ಷಿಫಾನ್‌ನಂಥ ಉಸಿರಿಗೆ ಹಾರುವ ಬಟ್ಟೆಯ ಮೇಲೆ ಇಷ್ಟು ಭಾರವನ್ನು ಅದು ಜೋಲದಂತೆ ಕೂರಿಸಿದ ಕೈಗಳ ಪರಿಣತಿ, ರ್ಯೂ ದ ಲಾ ಪೇ ಬೀದಿಯ ಕತ್ತರಿಗಿಂತ ಯಾವ ಲೆಕ್ಕದಲ್ಲಿ ಕಡಿಮೆ?

ಇಂದಿನ ಸ್ಥಿತಿಗೆ ಬರೋಣ. ಯುರೋಪಿನ ಹಲವು ಪ್ರತಿಷ್ಠಿತ ಸಂಸ್ಥೆಗಳ ಸಂಜೆಯ ಗೌನುಗಳಿಗೆ ಕಸೂತಿ ನಡೆಯುವುದು ಮುಂಬಯಿಯ ಕಾರ್ಯಾಗಾರಗಳಲ್ಲಿ. ಯುರೋಪಿನ ವ್ಯಾಪಾರ ನಿಯಮದಂತೆ, ಸರಕಿಗೆ ಕೊನೆಯ ಮುಖ್ಯ ರೂಪಾಂತರ ಎಲ್ಲಿ ಆಗುತ್ತದೋ ಅದೇ ಅದರ ಮೂಲ. ಎಂದರೆ ಕಸೂತಿಯ ಪಟ್ಟಿಗಳು ಇಲ್ಲಿ ಸಿದ್ಧವಾಗಿ, ಅಲ್ಲಿ ಗೌನಾಗಿ ಜೋಡಣೆಗೊಂಡರೆ ‘ಫ್ರಾನ್ಸಿನಲ್ಲಿ ತಯಾರಾದದ್ದು’ ಎಂಬ ಚೀಟಿ ಅಂಟಿಸಲು ಕಾನೂನಿನ ಅಡ್ಡಿಯಿಲ್ಲ. 1903ರ ನವಿಲು ಗೌನಿನ ದಾರಿಯೇ ಇದು. ಹಡಗಿನ ಬದಲು ವಿಮಾನ ಬಂದಿದೆ. 2016ರಲ್ಲಿ ಕೆಲವು ಯುರೋಪಿಯನ್ ಸಂಸ್ಥೆಗಳು ‘ಉತ್ಥಾನ್’ ಎಂಬ ಹೆಸರಿನಲ್ಲಿ ಮುಂಬಯಿಯ ಕಸೂತಿಗಾರರ ಕೆಲಸದ ಸ್ಥಿತಿಗತಿ ಸುಧಾರಿಸುವ ಒಪ್ಪಂದ ಮಾಡಿಕೊಂಡವು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ವರದಿಯೊಂದು, ಆ ಒಪ್ಪಂದದ ನಂತರವೂ ಗುತ್ತಿಗೆಯ ಕೆಳಸ್ತರದಲ್ಲಿ ದುಡಿಯುವವರ ಪಾಡು ಹೆಚ್ಚೇನೂ ಬದಲಾಗಿಲ್ಲವೆಂದು ತೋರಿಸಿತು.

ಬದಲಾವಣೆಯೇ ಇಲ್ಲವೆಂದಲ್ಲ. 2020ರ ಜನವರಿಯಲ್ಲಿ ರಾಹುಲ್ ಮಿಶ್ರಾ ಪ್ಯಾರಿಸ್ಸಿನ ಓತ್ ಕುಟ್ಯೂರ್ ಸಪ್ತಾಹದಲ್ಲಿ ಆಹ್ವಾನಿತರಾಗಿ ಪ್ರದರ್ಶನ ನೀಡಿದ ಮೊದಲ ಭಾರತೀಯ ವಿನ್ಯಾಸಕರಾದರು. 2023ರ ಮಾರ್ಚ್ 30ರಂದು ಡಿಯೋರ್ ಸಂಸ್ಥೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆಯೇ ತನ್ನ ಉಡುಪುಗಳನ್ನು ಪ್ರದರ್ಶಿಸಿ, ತನಗೆ ಕಸೂತಿ ಮಾಡಿಕೊಡುವ ಚಾಣಕ್ಯ ಎಂಬ ಮುಂಬಯಿ ಕಾರ್ಯಾಗಾರದ ಹೆಸರನ್ನು ಬಹಿರಂಗವಾಗಿ ಹೇಳಿತು. ಇದು ಸಣ್ಣ ಸಂಗತಿಯಲ್ಲ. ಆದರೂ ಅಲ್ಲಿ ಹೆಸರು ಸಿಕ್ಕಿದ್ದು ಕಾರ್ಯಾಗಾರಕ್ಕೆ. ಸೂಜಿ ಹಿಡಿದವನವರೆಗೆ ಅದು ಇಳಿದು ಬಂದಿಲ್ಲ.

ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾದಾ ಸಂಸ್ಥೆ ಮಿಲಾನ್‌ನಲ್ಲಿ ತೋರಿಸಿದ ಪಾದರಕ್ಷೆಗಳು ಕೊಲ್ಹಾಪುರಿ ಚಪ್ಪಲಿಯ ಪಡಿಯಚ್ಚಾಗಿದ್ದವು. ಮೂಲದ ಉಲ್ಲೇಖವಿರಲಿಲ್ಲ. ಪ್ರತಿಭಟನೆಯ ನಂತರವಷ್ಟೇ ಸಂಸ್ಥೆ ಭಾರತೀಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿಯ ಕುಶಲಿಗರು ಇದರ ಸಮಾನ ವಾರಸುದಾರರು. ಬಾಂಬೆ ಹೈಕೋರ್ಟಿನಲ್ಲಿ ವಕೀಲರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಅವರು ನೋಂದಾಯಿತ ಹಕ್ಕುದಾರರಲ್ಲ ಎಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ವಜಾ ಆಯಿತು. ಡಿಸೆಂಬರ್‌ನಲ್ಲಿ ಪ್ರಾದಾ, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು.

ಭೌಗೋಳಿಕ ಸೂಚಿಕೆಯ ಕಾನೂನು ಉಪಯುಕ್ತವೇ. ಆದರೆ ಅದು ಮುಖ್ಯವಾಗಿ ಊರಿಗೆ ಹೆಸರು ಕೊಡುತ್ತದೆ. ಒಬ್ಬೊಬ್ಬ ಕುಶಲಿಗನೂ ‘ಅಧಿಕೃತ ಬಳಕೆದಾರ’ನಾಗಿ ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದ್ದರೂ, ಅರ್ಜಿ, ದಾಖಲೆ, ಶುಲ್ಕಗಳ ದಾರಿಯಲ್ಲಿ ನಡೆಯುವ ಪುರುಸೊತ್ತು ದಿನಗೂಲಿಯವನಿಗೆ ಎಲ್ಲಿಂದ ಬರಬೇಕು? ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ಒಂದು ಮಾತು ಹೇಳಬಹುದು. ಸರಕಾರಿ ಕಡತಗಳಲ್ಲಿ ಕುಶಲಕರ್ಮಿಗೆ ಇರುವ ಹೆಸರು ‘ಫಲಾನುಭವಿ’. ಅವನಿಂದ ನಾಡಿಗೆ ಫಲ ಸಿಗುತ್ತಿದೆ ಎಂಬ ಭಾವನೆಯೇ ಆ ಪದದಲ್ಲಿಲ್ಲ. ಎಷ್ಟು ಜನರಿಗೆ ಉಪಕರಣ ವಿತರಣೆಯಾಯಿತು ಎಂಬ ಅಂಕಿ ಇರುತ್ತದೆ. ಯಾರು ಏನನ್ನು ಮಾಡಿದರು ಎಂಬ ದಾಖಲೆ ಇರುವುದಿಲ್ಲ.

ನಮ್ಮ ಪರಂಪರೆ ಹೀಗಿರಲಿಲ್ಲ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿಯಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರಿದ್ದರು. ಕಸುಬೇ ಅಲ್ಲಿ ಹೆಸರಿನ ಮುಂದಿನ ಗೌರವ. ವರ್ತ್ ತನ್ನ ಗೌನಿಗೆ ಸಹಿ ಹಾಕುವ ಏಳು ಶತಮಾನ ಮೊದಲೇ, ರಾಜನ ದೇವಾಲಯದ ಕಲ್ಲಿನ ಮೇಲ��� ಉಳಿ ಹಿಡಿದವನು ತನ್ನ ಹೆಸರು ಬರೆಯಬಲ್ಲವನಾಗಿದ್ದ.

ಇಂದು ಮಾಡಬಹುದಾದದ್ದು ಕಷ್ಟದ್ದೇನೂ ಅಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆರಂಭಿಸಿದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳಿಗೆ ಇಂದು ಪ್ರತ್ಯೇಕ ಸಂಖ್ಯೆಯೂ ಹಾಲೋಗ್ರಾಮ್ ಮುದ್ರೆಯೂ ಇರುತ್ತದೆ. ನಕಲಿಯಿಂದ ಗಿರಾಕಿಯನ್ನು ಕಾಪಾಡಲು ಮಾಡಿದ ಏರ್ಪಾಡಿದು. ಅದೇ ಸಂಖ್ಯೆಯ ಜೊತೆ ನೇಯ್ದವರ ಹೆಸರನ್ನೂ ಜೋಡಿಸಲು ಎಷ್ಟು ಖರ್ಚಾದೀತು? ಧಾರವಾಡದ ಕಸೂತಿಯ ಸೀರೆಗೆ, ಅಥಣಿಯ ಚಪ್ಪಲಿಗೆ, ಬಿದರಿಯ ಹೂಜಿಗೆ ಇದೇ ಕ್ರಮವನ್ನು ಸರಕಾರಿ ನಿಗಮಗಳು ಮೊದಲು ಅನುಸರಿಸಲಿ. ವಿದೇಶಿ ಸಂಸ್ಥೆಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಕೂಲಿಯ ದರದಷ್ಟೇ ಖಚಿತವಾಗಿ ಮಾಡಿದವರ ಹೆಸರಿನ ಉಲ್ಲೇಖವೂ ಒಂದು ಷರತ್ತಾಗಲಿ. ಅಧಿಕೃತ ಬಳಕೆದಾರರ ನೋಂದಣಿಯನ್ನು ಕುಶಲಿಗರೇ ಅಲೆದು ಪಡೆಯುವ ಬದಲು ಇಲಾಖೆಯೇ ಅವರ ಬಾಗಿಲಿಗೆ ಕೊಂಡೊಯ್ಯಲಿ.

ಹೆಸರು ಹಾಕಿದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ವರ್ತ್ ಮನೆತನದ ಲೆಕ್ಕಪುಸ್ತಕವೇ ಉತ್ತರ. ಹೆಸರಿಲ್ಲದ ದರ್ಜಿಗೆ ಸಿಗುತ್ತಿದ್ದದ್ದು ಕೂಲಿ. ಹೆಸರನ್ನು ನೇಯಿಸಿಕೊಂಡ ದರ್ಜಿ ಬೆಲೆಯನ್ನು ತಾನೇ ಕಟ್ಟುವವನಾದ, ಮಕ್ಕಳು ಮೊಮ್ಮಕ್ಕಳಿಗೆ ಅದನ್ನು ಆಸ್ತಿಯಾಗಿ ಬಿಟ್ಟುಹೋದ. ದೆಹಲಿ, ಆಗ್ರಾದ ಆ ಕಸೂತಿಗಾರರ ಮಕ್ಕಳಿಗೆ ಬಳುವಳಿಯಾಗಿ ಬಂದದ್ದು ಬೆನ್ನುನೋವು ಮತ್ತು ಮಂದವಾದ ಕಣ್ಣು. ಈ ವ್ಯತ್ಯಾಸ ಪ್ರತಿಭೆಯ ವ್ಯತ್ಯಾಸವಾಗಿರಲಿಲ್ಲ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರಿ ಅದನ್ನು ನೆನಪಿಟ್ಟುಕೊಂಡರೆ, ಅಥಣಿಯ ಚಪ್ಪಲಿ ಹೊಲಿಯುವವನ ಮನೆಯಲ್ಲಾದರೂ ಲೆಕ್ಕ ಬೇರೆ ರೀತಿ ಬರೆಯಲ್ಪಟ್ಟೀತು.